ಗುಂಡನ ಮೊಣಕಾಲು ಆಪರೇಷನ್: ರೆಸಿಡೆಂಟ್ ಡಾಕ್ಟ್ರು ಮಾಡ್ತಾರೆ ಅಂದಾಗ ನಾನೂ ಹೆದ್ರಿದ್ದೆ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅನ್ನೋದು ಕೆಳಗೆ ಬರುತ್ತೆ, ಅದಕ್ಕೂ ಆಪರೇಷನ್‌ಗೂ ಸಂಬಂಧ ಇಲ್ಲ. ಆಸ್ಪತ್ರೆ ಹೆಸ್ರು ಹಾಕ್ತಿಲ್ಲ, ಅಮೆರಿಕದ ಮಿಡ್‌ವೆಸ್ಟ್ ಕಡೆ ಒಂದು ಯೂನಿವರ್ಸಿಟಿಯ ವೆಟರ್ನರಿ ಟೀಚಿಂಗ್ ಹಾಸ್ಪಿಟಲ್ ಅಂತ ಮಾತ್ರ ಇಟ್ಕೊಳ್ಳಿ. ನಮ್ ಕನ್ನಡ ಕೂಟದ ಗ್ರೂಪಲ್ಲಿ ನಾಯಿ ಸಾಕಿರೋರು ಒಬ್ಬೊಬ್ರಾಗಿ ಫೋನ್ ಮಾಡಿ "ಟ್ರೇನಿಂಗ್‌ನಲ್ಲಿರೋರ ಕೈಗೆ ನಾಯಿ ಕೊಟ್ರಂತೆ, ಧೈರ್ಯ ನಿಮ್ದು" ಅಂತ ಕೇಳಿ ಕೇಳಿ ಸಾಕಾಗಿದೆ, ಒಂದೇ ಸಲ ಬರೆದು ಹಾಕೋಣ ಅಂತ ಕೂತಿದೀನಿ.

ಗುಂಡ ನಮ್ ಲ್ಯಾಬ್ರಡಾರ್. ಏಳು ವರ್ಷ, ಮೂವತ್ತೆಂಟು ಕೆಜಿ, ಅದ್ರಲ್ಲಿ ಒಂದೈದು ಕೆಜಿ ನಮ್ಮಮ್ಮನ ಕೊಡುಗೆ, ಅವ್ರು ತಿಪಟೂರಿಂದ ಬಂದಾಗೆಲ್ಲ ಅವನಿಗೆ ದೋಸೆ ಮೇಲೆ ದೋಸೆ. ಸೆಪ್ಟೆಂಬರ್‌ನಲ್ಲಿ ಅಳಿಲು ಓಡಿಸ್ಕೊಂಡು ಹೋದವ್ನು ಕುಯ್ಯೋ ಅಂದ, ಬಲಗಡೆ ಹಿಂಗಾಲು ಎತ್ಕೊಂಡೇ ವಾಪಸ್ ಬಂದ. ನಮ್ಮೂರಿನ ಮಾಮೂಲಿ ವೆಟ್ ಕಾಲು ಹಿಡಿದು ಮುಂದಕ್ಕೆ ಹಿಂದಕ್ಕೆ ಜಗ್ಗಿ ನೋಡಿ, ಲಿಗಮೆಂಟ್ ಹರಿದಿದೆ, ಟಿಪಿಎಲ್‌ಓ ಅನ್ನೋ ಆಪರೇಷನ್ ಬೇಕಾಗುತ್ತೆ, ನಾನು ಮಾಡಲ್ಲ, ಸರ್ಜನ್ ಹತ್ರ ಕಳಿಸ್ತೀನಿ ಅಂದ್ರು. ಮುಚ್ಚುಮರೆ ಇಲ್ದೆ ಹೇಳಿದ್ರಲ್ಲ, ಅವ್ರಿಗೂ ಒಂದು ಥ್ಯಾಂಕ್ಸ್.

ಎರಡು ದಾರಿ ಇತ್ತು. ಒಂದು ಪ್ರೈವೇಟ್ ಸ್ಪೆಷಾಲಿಟಿ ಆಸ್ಪತ್ರೆ, ಮುಂದಿನ ವಾರವೇ ಡೇಟ್, ರೇಟ್ ಜಾಸ್ತಿ. ಇನ್ನೊಂದು ಈ ಯೂನಿವರ್ಸಿಟಿ, ಒಂದೂವರೆ ಗಂಟೆ ಡ್ರೈವ್, ಮೂರು ವಾರ ಕಾಯ್ಬೇಕು, ರೇಟ್ ಸುಮಾರು ಕಾಲು ಭಾಗ ಕಮ್ಮಿ. ನಾವು ತಿಪಟೂರಿನೋರು, ಕೊಬ್ಬರಿ ರೇಟ್ ನೋಡಿ ನೋಡಿ ಬೆಳೆದೋರು, ಯಾವ್ದು ಆರಿಸಿದ್ವಿ ಅಂತ ಬೇರೆ ಹೇಳ್ಬೇಕಾ?

ಅಪಾಯಿಂಟ್‌ಮೆಂಟ್ ದಿನ ಒಂಬತ್ತು ಗಂಟೆಗೆ ಹೋದ್ವಿ. ಮೊದ್ಲು ಕೊನೇ ವರ್ಷದ ಸ್ಟೂಡೆಂಟ್ ಹುಡುಗ ಬಂದು ಮುಕ್ಕಾಲು ಗಂಟೆ ಗುಂಡನ ಜಾತಕ ಪೂರ್ತಿ ಬರ್ಕೊಂಡ, ಏನು ತಿಂತಾನೆ, ಎಷ್ಟು ನಡೀತಾನೆ, ಮೆಟ್ಟಿಲು ಎಷ್ಟಿದೆ. ದೋಸೆ ವಿಷ್ಯ ನಾನು ಹೇಳ್ಲಿಲ್ಲ, ನನ್ನ ಹೆಂಡ್ತಿ ಹೇಳ್ಬಿಟ್ಲು. ಆಮೇಲೆ ರೆಸಿಡೆಂಟ್, ಅಂದ್ರೆ ಟ್ರೇನಿಂಗ್‌ನಲ್ಲಿರೋ ಡಾಕ್ಟ್ರು, ಅಂತ ಒಬ್ಳು ಹುಡುಗಿ ಬಂದ್ಲು, ಮೂವತ್ತು ಇರ್ಬಹುದು, ಮತ್ತೆ ಅದೇ ಪ್ರಶ್ನೆ, ಮತ್ತೆ ಕಾಲು ಜಗ್ಗೋದು. ಅವ್ಳು ಹೋಗಿ ಫ್ಯಾಕಲ್ಟಿ ಸರ್ಜನ್‌ನ ಕರ್ಕೊಂಡು ಬಂದ್ಲು, ಆಯಪ್ಪ ಮೂರನೇ ಸಲ ಕಾಲು ಜಗ್ಗಿದ್ರು. ಅಷ್ಟೊತ್ತಿಗೆ ಗುಂಡ ಟೇಬಲ್ ಕೆಳಗೆ ಸೇರ್ಕೊಂಡಿದ್ದ. ಎಕ್ಸ್‌ರೇ ಎಲ್ಲ ಮುಗಿದು ನಾವು ಆಚೆ ಬಂದಾಗ ಮಧ್ಯಾಹ್ನ ಎರಡೂವರೆ. ಕಟ್ ಆದ ಒಂದು ಸ್ಟಾರ್‌ನಲ್ಲಿ ಅರ್ಧ ಇಲ್ಲೇ ಹೋಯ್ತು.

ಆಪರೇಷನ್ ಯಾರು ಮಾಡ್ತಾರೆ ಅಂತ ಕೇಳ್ದಾಗ ಆ ಹುಡುಗಿ ಒಂಚೂರೂ ತಡವರಿಸದೆ "ನಾನೇ ಮಾಡ್ತೀನಿ, ಡಾಕ್ಟ್ರು ಜೊತೆಗೆ ಸ್ಕ್ರಬ್ ಆಗಿ, ಅಂದ್ರೆ ಕೈ ತೊಳ್ದು ಗ್ಲೌಸ್ ಹಾಕ್ಕೊಂಡು, ಪಕ್ಕದಲ್ಲೇ ಇರ್ತಾರೆ, ನಾನು ಎರಡನೇ ವರ್ಷದ ರೆಸಿಡೆಂಟ್" ಅಂದ್ಲು. ನನ್ನ ಹೊಟ್ಟೇಲಿ ಕಲ್ಲು ಬಿತ್ತು. ಎರಡನೇ ವರ್ಷ ಅಂದ್ರೆ ನಮ್ ತಲೇಲಿ ಕಾಲೇಜು ಎರಡನೇ ವರ್ಷ ತಾನೇ ಬರೋದು! ನಾಳೆ ಹೇಳ್ತೀನಿ ಅಂತ ಮನೆಗೆ ಬಂದ್ವಿ.

ರಾತ್ರಿ ನನ್ನ ಚಿಕ್ಕಮ್ಮನ ಮಗಳಿಗೆ ಫೋನ್ ಹಾಕ್ದೆ. ಅವ್ಳು ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಬಿವಿಎಸ್ಸಿ ಮುಗ್ಸಿ ಅಲ್ಲೇ ಸರ್ಜರೀಲಿ ಎಂವಿಎಸ್ಸಿ ಮಾಡಿರೋಳು. ಅವ್ಳು ನಕ್ಕು ನಕ್ಕು ಸುಸ್ತಾದ್ಲು. "ಅಣ್ಣ, ಎರಡನೇ ವರ್ಷದ ರೆಸಿಡೆಂಟ್ ಅಂದ್ರೆ ಅವ್ರು ಪಶುವೈದ್ಯ ಆಗಿ ಎರಡು ವರ್ಷದ ಮೇಲಾಗಿದೆ ಕಣೋ, ಲೆಕ್ಕ ಹಾಕು" ಅಂತ ಕೂರಿಸ್ಕೊಂಡು ಪಾಠ ಮಾಡಿದ್ಲು. ಅವ್ಳು ಹೇಳಿದ್ದು, ಆಮೇಲೆ ಆ ರೆಸಿಡೆಂಟ್ ಹುಡುಗಿ ಹತ್ರಾನೇ ಕೇಳಿ ತಿಳ್ಕೊಂಡಿದ್ದು, ಎರಡೂ ಸೇರ್ಸಿ ಹೇಳ್ತೀನಿ, ಯಾಕಂದ್ರೆ ಈ ರಿವ್ಯೂ ಬರೀತಿರೋದೇ ಇದಕ್ಕೆ.

ಇಲ್ಲಿ ಸಾಮಾನ್ಯವಾಗಿ ಡಿಗ್ರಿ ಮುಗ್ಸಿ ಅದರ ಮೇಲೆ ನಾಲ್ಕು ವರ್ಷ ವೆಟರ್ನರಿ ಓದಿದ್ರೆ ಡಿವಿಎಂ ಅನ್ನೋ ಪಶುವೈದ್ಯ ಡಿಗ್ರಿ. ಲೈಸೆನ್ಸ್ ಪರೀಕ್ಷೆ ಪಾಸ್ ಆದ್ರೆ ಅವತ್ತಿಂದ್ಲೇ ಅವ್ರು ಪೂರ್ಣ ಪ್ರಮಾಣದ ಡಾಕ್ಟ್ರು, ಕ್ಲಿನಿಕ್ ಹಾಕ್ಬಹುದು, ಆಪರೇಷನ್ನೂ ಮಾಡ್ಬಹುದು, ಕಾನೂನು ಅಡ್ಡ ಬರಲ್ಲ. ಆದ್ರೆ ಸರ್ಜರಿ ಸ್ಪೆಷಲಿಸ್ಟ್ ಅಂತ ಬೋರ್ಡ್ ತೂಗಾಕ್ಬೇಕು ಅಂದ್ರೆ ಕತೆ ಬೇರೆ. ಮೊದ್ಲು ಒಂದು ವರ್ಷ ರೊಟೇಟಿಂಗ್ ಇಂಟರ್ನ್‌ಶಿಪ್, ಎಮರ್ಜೆನ್ಸಿ, ಮೆಡಿಸಿನ್, ಸರ್ಜರಿ ಅಂತ ಎಲ್ಲಾ ಕಡೆ ಸುತ್ಬೇಕು. ಆಮೇಲೆ ಕಮ್ಮಿ ಅಂದ್ರೆ ಮೂರು ವರ್ಷ ರೆಸಿಡೆನ್ಸಿ. ಇದಕ್ಕೆಲ್ಲ ರೂಲ್ಸ್ ಮಾಡೋದು ಎಸಿವಿಎಸ್, ಅಂದ್ರೆ ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್. ಕಾಲೇಜ್ ಅಂತ ಹೆಸ್ರಿದ್ರೂ ಪಾಠ ಮಾಡೋ ಕಾಲೇಜಲ್ಲ, ಕ್ಯಾಂಪಸ್ಸೂ ಇಲ್ಲ, 1965ರಲ್ಲಿ ಶುರುವಾದ ಸರ್ಜನ್‌ಗಳ ಸಂಸ್ಥೆ. ಟ್ರೇನಿಂಗ್ ಹೆಂಗಿರ್ಬೇಕು, ಪರೀಕ್ಷೆ ಹೆಂಗಿರ್ಬೇಕು, ಯಾರಿಗೆ ಸರ್ಟಿಫಿಕೇಟ್ ಅನ್ನೋದೆಲ್ಲ ಅವ್ರ ಕೈಲಿ.

ಈ ಸೀಟ್ ಸಿಗೋದೇ ಒಂದು ಯುದ್ಧವಂತೆ. ನಮ್ ಕಡೆ ಸಿಇಟಿ ಆಪ್ಷನ್ ಎಂಟ್ರಿ ಗೊತ್ತಲ್ಲ, ಹೆಚ್ಚುಕಮ್ಮಿ ಅದೇ ಥರ. ಕ್ಯಾಂಡಿಡೇಟ್ ತನಗೆ ಬೇಕಾದ ಆಸ್ಪತ್ರೆಗಳನ್ನ ಸಾಲಾಗಿ ಹಾಕೋದು, ಆಸ್ಪತ್ರೆಯೋರು ತಮಗೆ ಬೇಕಾದ ಕ್ಯಾಂಡಿಡೇಟ್‌ಗಳನ್ನ ಸಾಲಾಗಿ ಹಾಕೋದು, ಕಂಪ್ಯೂಟರ್ ಎರಡನ್ನೂ ತಾಳೆ ನೋಡಿ ಜೋಡಿ ಮಾಡುತ್ತೆ. ಮ್ಯಾಚ್ ಅಂತಾರೆ. ಮದ್ವೆ ಬ್ರೋಕರ್ ಕೆಲ್ಸ. ನಮ್ ರೆಸಿಡೆಂಟ್ ಹುಡುಗಿಗೆ ಮೊದಲನೇ ಸಲ ಮ್ಯಾಚ್ ಆಗ್ಲೇ ಇಲ್ವಂತೆ, ಬರೀ ಸರ್ಜರೀದೇ ಇನ್ನೊಂದು ವರ್ಷ ಇಂಟರ್ನ್‌ಶಿಪ್ ಮಾಡಿ ಎರಡನೇ ಸಲಕ್ಕೆ ಸಿಕ್ಕಿದ್ದು, ಹಂಗೆ ಎರಡು ಇಂಟರ್ನ್‌ಶಿಪ್ ಮಾಡ್ಕೊಂಡು ಬರೋರು ಬೇಕಾದಷ್ಟು ಜನ ಇದಾರಂತೆ. ಇವ್ರ ಜೊತೆ ಓದಿದೋರು ಆಗ್ಲೇ ಕ್ಲಿನಿಕ್ ಸೇರಿ ಇವ್ರ ಡಬಲ್ ದುಡೀತಾ ಮನೆ ತಗೊಂಡಿರ್ತಾರೆ, ಇವ್ರು ಇನ್ನೂ ಎಜುಕೇಷನ್ ಲೋನ್ ಹೊತ್ಕೊಂಡು ರಾತ್ರಿ ಎರಡು ಗಂಟೆಗೆ ಹೊಟ್ಟೆ ತಿರುಚ್ಕೊಂಡಿರೋ ಗ್ರೇಟ್ ಡೇನ್ ಆಪರೇಷನ್‌ಗೆ ಓಡ್ತಾ ಇರ್ತಾರೆ.

ಲೆಕ್ಕ ಹಾಕಿ ಈಗ. ಗುಂಡನ "ಟ್ರೇನಿ" ವೆಟರ್ನರಿ ಓದಿ ಮುಗ್ಸಿ ಮೂರು ವರ್ಷದ ಮೇಲಾಗಿತ್ತು, ಅದ್ರಲ್ಲಿ ಎರಡು ವರ್ಷದ ಮೇಲೆ ಬರೀ ಸರ್ಜರೀಲೇ ಮುಳುಗಿದ್ಲು.

ಮೂರು ವರ್ಷ ಕೂತೆದ್ದು ಬಂದ್ರೆ ಸರ್ಟಿಫಿಕೇಟ್ ಕೊಡ್ತಾರಾ ಅಂದ್ರೆ ಅದೂ ಇಲ್ಲ. ಮಾಡಿದ ಒಂದೊಂದು ಆಪರೇಷನ್ನೂ ಲಾಗ್‌ನಲ್ಲಿ ಬರೀಬೇಕು, ಮುಖ್ಯ ಸರ್ಜನ್ ಆಗಿ ಮಾಡಿದ್ದಾ ಅಸಿಸ್ಟ್ ಮಾಡಿದ್ದಾ ಅನ್ನೋದು ಸಮೇತ. ನೂರಾರು ಕೇಸ್ ಬೇಕು. ಬರೀ ಮೂಳೆ ಕೇಸ್‌ಗಳನ್ನೇ ಗುಡ್ಡೆ ಹಾಕಿ ಲೆಕ್ಕ ತುಂಬಿಸೋಕೆ ಆಗಲ್ಲ, ಹೊಟ್ಟೆ ಎದೆ ಥರ ಸಾಫ್ಟ್ ಟಿಶ್ಯೂ, ಮೂಳೆ ಕೀಲು, ಬೆನ್ನುಹುರಿ, ಎಲ್ಲಾ ಬಗೇದೂ ಇರ್ಬೇಕು. ಮೇಲ್ವಿಚಾರಣೆ ಮಾಡೋರು ಬೋರ್ಡ್ ಪರೀಕ್ಷೆ ಪಾಸ್ ಆಗಿ ಸ್ಪೆಷಲಿಸ್ಟ್ ಅನ್ನಿಸ್ಕೊಂಡ ಡಿಪ್ಲೊಮೇಟ್‌ಗಳೇ ಆಗಿರ್ಬೇಕು. ಸರ್ಜರಿ ಬಿಟ್ಟು ಅನಸ್ತೀಸಿಯಾ, ರೇಡಿಯಾಲಜಿ, ಮೆಡಿಸಿನ್, ಪೆಥಾಲಜಿ ಅಂತ ಬೇರೆ ಡಿಪಾರ್ಟ್‌ಮೆಂಟ್‌ಗಳಿಗೂ ಹೋಗಿ ಕೆಲ್ಸ ಕಲೀಬೇಕು. ಜರ್ನಲ್ ಕ್ಲಬ್, ಸೆಮಿನಾರ್ ಅಂತ ನಿಲ್ಲದೆ ನಡೀತಾನೇ ಇರುತ್ತೆ. ಮೇಲಿಂದ ಸ್ವಂತ ರಿಸರ್ಚ್ ಮಾಡಿ, ಮೊದಲ ಲೇಖಕರಾಗಿ ಒಂದು ಪೇಪರನ್ನ ಸರಿಯಾದ ಜರ್ನಲ್‌ನಲ್ಲಿ ಒಪ್ಪಿಸ್ಬೇಕು. ಇಷ್ಟೆಲ್ಲದರ ಜೊತೆಗೆ ಬೋರ್ಡ್ ಪರೀಕ್ಷೆ, ಅದೂ ಎರಡು ಹಂತದಲ್ಲಿ. ನಾಯಿ ಬೆಕ್ಕಿನ ಸರ್ಜನ್‌ಗೇ ಬೇರೆ, ಕುದುರೆ ದನದ ಸರ್ಜನ್‌ಗೇ ಬೇರೆ.

ಈ ಕೊನೇ ಮಾತಿಗೆ ನನ್ನ ತಂಗಿ ಸ್ವಲ್ಪ ಹೊಟ್ಟೆಕಿಚ್ಚು ಪಟ್ಲು, ಸ್ವಲ್ಪ ಜಂಬಾನೂ ಪಟ್ಲು. ನಮ್ಮಲ್ಲಿ ಬಿವಿಎಸ್ಸಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂವಿಎಸ್ಸಿ ಎರಡು ವರ್ಷ ಮತ್ತೆ ಥೀಸಿಸ್. "ನಾವು ಬೆಳಿಗ್ಗೆ ಹಸು ಹೊಟ್ಟೆ ಕುಯ್ದು ಬಕೆಟ್‌ಗಟ್ಲೆ ಪ್ಲಾಸ್ಟಿಕ್ ತೆಗೀತಿದ್ವಿ, ಮಧ್ಯಾಹ್ನ ನಾಯಿ ಕಾಲಿಗೆ ರಾಡ್ ಹಾಕ್ತಿದ್ವಿ, ಸಂಜೆ ಎತ್ತಿಗೆ ಕೊಂಬಿನ ಕ್ಯಾನ್ಸರ್ ಅಂತ ಕರ್ಕೊಂಡು ಬರೋರು, ನಿಮ್ ಹುಡುಗಿ ಹಸು ಹೊಟ್ಟೆ ಮುಟ್ಟಿದಾಳಾ ಕೇಳು" ಅಂದ್ಲು. ಕೇಳ್ದೆ. ಸ್ಟೂಡೆಂಟ್ ಆಗಿದ್ದಾಗ ಒಂದ್ ಸಲ ಅಂತೆ. ತಂಗಿಗೆ ಬಹಳ ಖುಷಿ ಆಯ್ತು.

ಅದೇ ತಂಗಿ ಇನ್ನೊಂದು ಮಾತು ಹೇಳಿದ್ಲು, ಎಲ್ರಿಗೂ ಬೇಕಾಗಿರೋದು ಅದೇ. ಆಪರೇಷನ್ ಮಾಡೋರು ರೆಸಿಡೆಂಟಾ ಅಲ್ವಾ ಅಂತ ಕೇಳ್ಬೇಡ, ಸೀನಿಯರ್ ಎಲ್ಲಿರ್ತಾರೆ ಅಂತ ಕೇಳು. ಗ್ಲೌಸ್ ಹಾಕ್ಕೊಂಡು ಟೇಬಲ್ ಪಕ್ಕದಲ್ಲೇ ನಿಂತಿರ್ತಾರಾ, ಪಕ್ಕದ ರೂಮಲ್ಲಿರ್ತಾರಾ, ಇಲ್ಲಾ ಫೋನಲ್ಲಿ ಸಿಗ್ತಾರಾ. ಮೂರಕ್ಕೂ ವ್ಯತ್ಯಾಸ ಇದೆ. ಮತ್ತೆ ಈ ಆಪರೇಷನ್ ನೀವು ಎಷ್ಟು ಮಾಡಿದೀರಾ ಅಂತಾನೂ ಕೇಳು, ಮರ್ಯಾದೆ ಏನೂ ಹೋಗಲ್ಲ. ಮಾರನೇ ದಿನ ಫೋನಲ್ಲಿ ಎರಡೂ ಕೇಳ್ದೆ. ಬೇಜಾರೂ ಮಾಡ್ಕೊಳ್ಲಿಲ್ಲ, ಗಾಳಿ ಮಾತೂ ಆಡ್ಲಿಲ್ಲ. ಸೀನಿಯರ್ ಮೊದಲಿಂದ ಕೊನೇವರೆಗೂ ಸ್ಕ್ರಬ್ ಆಗಿರ್ತಾರೆ, ನಾನು ಮುಖ್ಯ ಸರ್ಜನ್ ಆಗಿ ಮಾಡಿರೋದು ಹದಿನೆಂಟು, ಅಸಿಸ್ಟ್ ಮಾಡಿರೋದು ಅದಕ್ಕಿಂತ ಜಾಸ್ತಿ, ಮೂಳೆ ಕುಯ್ಯೋ ಹೊತ್ತಲ್ಲಿ ನಂಗೆ ಧೈರ್ಯ ಇಲ್ಲ ಅಂತ ಅನ್ಸಿದ್ರೆ ಅವ್ರು ಕೈಗೆ ತಗೋತಾರೆ ಅನ್ನೋದು ನಮ್ಮಿಬ್ರ ಮಧ್ಯೆ ಮೊದ್ಲೇ ಮಾತಾಗಿರುತ್ತೆ ಅಂದ್ಲು. ಹೂಂ ಅಂದೆ.

ಆಪರೇಷನ್ ಏನು ಅಂತ ಅಮ್ಮನಿಗೆ ಹೇಳಿ ಅರ್ಥ ಮಾಡ್ಸೋಕೆ ಕಷ್ಟ ಆಯ್ತು. ಹರಿದಿರೋ ಲಿಗಮೆಂಟನ್ನ ಹೊಲೀತಾರೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಇದ್ರಲ್ಲಿ ಅದನ್ನ ಮುಟ್ಟೋದೇ ಕಮ್ಮಿ. ನಾಯಿ ಮೊಣಕಾಲಲ್ಲಿ ಕೆಳಗಿನ ಮೂಳೆಯ ತಲೆ ಇಳಿಜಾರಾಗಿರುತ್ತೆ, ಮೇಲಿನ ಮೂಳೆ ಅದರ ಮೇಲೆ ಕೂತಿರುತ್ತೆ, ಜಾರದೆ ಇರೋ ಥರ ಹಿಡ್ಕೊಂಡಿರೋದು ಆ ಲಿಗಮೆಂಟು. ಏರಲ್ಲಿ ಗಾಡಿ ನಿಲ್ಸಿ ಚಕ್ರಕ್ಕೆ ಕಲ್ಲು ಕೊಟ್ಟಿರ್ತೀವಲ್ಲ, ಕಲ್ಲು ಜಾರ್ತು ಅಂದ್ಕೊಳ್ಳಿ. ಹೊಸ ಕಲ್ಲು ಹುಡ್ಕೋ ಬದ್ಲು ನೆಲಾನೇ ಮಟ್ಟ ಮಾಡ್ಬಿಟ್ರೆ? ಅಷ್ಟೇ ಇದು. ದುಂಡನೇ ಗರಗಸದಿಂದ ಮೂಳೆ ತಲೇನ ಕಮಾನಿನ ಥರ ಕುಯ್ದು, ತಿರುಗ್ಸಿ, ಇಳಿಜಾರು ಸುಮಾರು ಐದು ಡಿಗ್ರಿಗೆ ತಂದು, ಪ್ಲೇಟು ಸ್ಕ್ರೂ ಹಾಕಿ ಕೂರಿಸ್ತಾರೆ. ಗುಂಡಂದು ಇಪ್ಪತ್ತಾರು ಡಿಗ್ರಿ ಇತ್ತು.

ಇದನ್ನ ಕಂಡುಹಿಡಿದಿದ್ದು ಒರೆಗಾನ್‌ನ ಬಾರ್ಕ್ಲೇ ಸ್ಲೋಕಮ್ ಅನ್ನೋ ಸರ್ಜನ್, ಪೇಪರ್ ಬಂದಿದ್ದು 1993ರಲ್ಲಿ. ಪೇಟೆಂಟ್ ಮಾಡ್ಸಿ ಇಟ್ಕೊಂಡಿದ್ರು, ತಮ್ಮ ಹತ್ರ ಕೋರ್ಸ್ ಮಾಡಿದ ಡಾಕ್ಟ್ರುಗಳಿಗೆ ಮಾತ್ರ ಇದನ್ನ ಮಾಡೋಕೆ ಬಿಡ್ತಿದ್ರು. ಆಗ ಇದಕ್ಕೆ ಬಹಳ ಜನ ಬೈದಿದ್ರಂತೆ, ನಂಗಂತೂ ಆಯಪ್ಪನ ಮೇಲೆ ಗೌರವಾನೇ ಬಂತು. ಈಗ ಪೇಟೆಂಟ್ ಮುಗಿದಿದೆ, ಶನಿವಾರ ಭಾನುವಾರದ ವರ್ಕ್‌ಶಾಪ್ ಮಾಡಿ ಶುರು ಮಾಡೋರೂ ಇದಾರೆ, ಅವ್ರಲ್ಲಿ ಕೈ ಪಳಗಿರೋರೂ ಇದಾರೆ. ಅದಕ್ಕೇ ಎಷ್ಟು ಮಾಡಿದೀರಾ ಅನ್ನೋ ಪ್ರಶ್ನೆ ಎಲ್ಲಿ ಹೋದ್ರೂ ಕೇಳಿ ಅನ್ನೋದು.

ಆಪರೇಷನ್ ದಿನ ಬೆಳಿಗ್ಗೆ ಏಳಕ್ಕೆ ಬಿಟ್ಟು ಬಂದ್ವಿ. ಅನಸ್ತೀಸಿಯಾಗೆ ಬೇರೆ ಟೀಮು, ಅಲ್ಲೂ ಒಬ್ಬ ರೆಸಿಡೆಂಟು, ಅವನ ತಲೆ ಮೇಲೂ ಒಬ್ರು ಸ್ಪೆಷಲಿಸ್ಟು. ಪ್ರಜ್ಞೆ ತಪ್ಪಿಸೋದಲ್ದೆ ಕಾಲಿನ ನರಕ್ಕೇ ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತೀವಿ, ಎದ್ದಾಗ ನೋವು ಕಮ್ಮಿ ಇರುತ್ತೆ ಅಂತ ಫೋನ್ ಮಾಡಿ ಹೇಳಿದ್ರು. ಒಂದು ನಾಯಿ ಮಂಡಿಗೆ ಕೋಣೆ ತುಂಬ ಡಾಕ್ಟ್ರು! ಮಧ್ಯಾಹ್ನ ಮೂರಕ್ಕೆ ಆ ಹುಡುಗೀದೇ ಫೋನ್, ಮುಗೀತು, ಮಿನಿಸ್ಕಸ್, ಅಂದ್ರೆ ಕೀಲಿನೊಳಗಿನ ಮೆತ್ತೆ, ಸ್ವಲ್ಪ ಹರಿದಿತ್ತು ಅಷ್ಟು ಭಾಗ ತೆಗೆದ್ವಿ, ಆಪರೇಷನ್ ಆದ್ಮೇಲಿನ ಎಕ್ಸ್‌ರೇಲಿ ಆರು ಡಿಗ್ರಿ ಬಂದಿದೆ ಅಂತ. ದನಿ ಕೇಳಿದ್ರೆ ನಮಗಿಂತ ಅವ್ಳಿಗೇ ಜಾಸ್ತಿ ನಿರಾಳ ಆದಂಗಿತ್ತು. ಟೀಚಿಂಗ್ ಆಸ್ಪತ್ರೇಲಿ ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತೆ, ಪಳಗಿದ ಸರ್ಜನ್ ಒಬ್ರೇ ಮಾಡಿದ್ರೆ ಇನ್ನೂ ಬೇಗ ಮುಗೀತಿತ್ತೇನೋ, ನಾಯಿ ಅಷ್ಟು ಹೆಚ್ಚು ಹೊತ್ತು ಅನಸ್ತೀಸಿಯಾದಲ್ಲಿರುತ್ತೆ. ಇದನ್ನ ಮುಚ್ಚಿಡ್ಬೇಕಾಗಿಲ್ಲ. ವಯಸ್ಸಾದ ನಾಯಿ, ಹಾರ್ಟ್ ತೊಂದ್ರೆ ಅಂತ ಏನಾದ್ರೂ ಇದ್ರೆ ಈ ವಿಷ್ಯ ಕೂತು ಮಾತಾಡಿ.

ಬಿಲ್ಲು ಒಟ್ಟು ಐದು ಸಾವಿರದ ಇನ್ನೂರು ಡಾಲರ್, ಅರ್ಧ ಮೊದ್ಲೇ ಕಟ್ಟಿಸ್ಕೊಂಡ್ರು. ಅಮ್ಮ ರೂಪಾಯಿಗೆ ಲೆಕ್ಕ ಹಾಕಿ ನಾಲ್ಕು ಲಕ್ಷದ ಮೇಲಾಯ್ತು ಅಂತ ಎರಡು ನಿಮಿಷ ಸುಮ್ನೆ ಕೂತ್ರು. ಆಮೇಲೆ "ಒಳ್ಳೆ ಹಳ್ಳಿಕಾರ್ ಜೋಡಿ ಬರ್ತಿತ್ತಲ್ಲೋ" ಅಂದ್ರು. ನಮ್ಮೂರಲ್ಲಿ ದನದ ಡಾಕ್ಟ್ರು ಸೈಕಲ್‌ನಲ್ಲಿ ಬಂದು ಎರಡು ತೆಂಗಿನಕಾಯಿ ಇಸ್ಕೊಂಡು ಹೋಗ್ತಿದ್ದ ಕಾಲ ಅವ್ರ ಕಣ್ಮುಂದೆ ಇದೆ, ಏನು ಹೇಳೋದು. ಇನ್ಶೂರೆನ್ಸ್ ಮಾಡ್ಸೋರಿಗೆ ಒಂದು ಮಾತು, ಮೊಣಕಾಲು ಲಿಗಮೆಂಟ್‌ಗೆ ವೇಟಿಂಗ್ ಪೀರಿಯಡ್ ಬೇರೇನೇ ಇರುತ್ತೆ ಎಷ್ಟೋ ಪಾಲಿಸಿಗಳಲ್ಲಿ, ಒಂದು ಕಾಲು ಮೊದ್ಲೇ ಹೋಗಿದ್ರೆ ಇನ್ನೊಂದು ಕಾಲಿಗೂ ಕೊಡಲ್ಲ ಅನ್ನೋ ಕಂಡೀಷನ್ನೂ ಇರುತ್ತೆ. ಓದಿ ಸೈನ್ ಮಾಡಿ. ನಾವು ಓದಿರ್ಲಿಲ್ಲ.

ಇನ್ನರ್ಧ ಸ್ಟಾರ್ ಹೋಗಿದ್ದು ಡಿಸ್ಚಾರ್ಜ್ ದಿನ. ಹನ್ನೊಂದಕ್ಕೆ ಬನ್ನಿ ಅಂದ್ರು, ಪೇಪರ್ ರೆಡಿ ಆಗಿದ್ದು ಒಂದೂಮುಕ್ಕಾಲಿಗೆ, ಸ್ಟೂಡೆಂಟ್ ಬರೆದಿದ್ದನ್ನ ರೆಸಿಡೆಂಟ್ ತಿದ್ದಿ, ಅದನ್ನ ಸೀನಿಯರ್ ನೋಡಿ ಸೈನ್ ಹಾಕ್ಬೇಕಂತೆ. ಇಷ್ಟೆಲ್ಲ ತಿದ್ದಿದ ಪೇಪರ್‌ನಲ್ಲೂ ಒಂದು ಮಾತ್ರೆ ಎಂಟು ಗಂಟೆಗೊಂದ್ಸಲ ಅಂತ ಒಂದು ಕಡೆ, ಹನ್ನೆರಡು ಗಂಟೆಗೊಂದ್ಸಲ ಅಂತ ಇನ್ನೊಂದು ಕಡೆ! ಫ್ರಂಟ್ ಡೆಸ್ಕ್‌ಗೆ ಫೋನ್ ಮಾಡಿದ್ರೆ ಮ್ಯೂಸಿಕ್ ಕೇಳಿಸ್ಕೊಂಡು ಕೂರೋದೇ. ಕೊನೆಗೆ ಆ ಹುಡುಗೀನೇ ರಾತ್ರಿ ಒಂಬತ್ತೂವರೆಗೆ ವಾಪಸ್ ಫೋನ್ ಮಾಡಿ ತಪ್ಪು ನಂದೇ, ಹನ್ನೆರಡು ಗಂಟೆಗೊಂದ್ಸಲ ಸರಿ ಅಂದ್ಲು. ಅವತ್ತು ಬೆಳಿಗ್ಗೆ ಆರಕ್ಕೆ ಬಂದೋಳು ಇನ್ನೂ ಆಸ್ಪತ್ರೇಲೇ ಇದ್ಲು. ರೆಸಿಡೆಂಟ್ ಅನ್ನೋ ಹೆಸ್ರೇ ಹಂಗೆ ಬಂದಿದ್ದಂತೆ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ ವಿಲಿಯಂ ಹಾಲ್‌ಸ್ಟೆಡ್ ಅನ್ನೋ ಸರ್ಜನ್ ಈ ಪದ್ಧತಿ ಶುರು ಮಾಡ್ದಾಗ ಕಲಿಯೋ ಡಾಕ್ಟ್ರುಗಳು ಆಸ್ಪತ್ರೇಲೇ ವಾಸ ಇರ್ಬೇಕಿತ್ತು. ಅದೇ ಹಾಪ್ಕಿನ್ಸ್‌ನಲ್ಲಿ ಆಮೇಲೆ 1944ರಲ್ಲಿ ನೀಲಿ ಬಣ್ಣಕ್ಕೆ ತಿರುಗೋ ಮಕ್ಕಳ ಹಾರ್ಟ್ ಆಪರೇಷನ್ ಮಾಡೋಕೆ ಮುಂಚೆ ಕೈ ಪಳಗಿಸ್ಕೊಂಡಿದ್ದು ನಾಯಿಗಳ ಮೇಲೆ, ಆನ್ನಾ ಅಂತ ಒಂದು ನಾಯಿ ಬದುಕಿ ಉಳಿದು ಹೆಸ್ರುವಾಸಿ ಆಯ್ತು. ಮನುಷ್ಯರ ಡಾಕ್ಟ್ರುಗಳು ನಾಯಿ ಮೇಲೆ ಕಲ್ತಿದ್ದಕ್ಕೆ ಹೋಲಿಸಿದ್ರೆ ನಾಯಿ ಡಾಕ್ಟ್ರು ನಮ್ ಗುಂಡನ ಮೇಲೆ ಪಕ್ಕದಲ್ಲಿ ಗುರುಗಳನ್ನ ನಿಲ್ಸ್ಕೊಂಡು ಕಲಿಯೋದು ಎಷ್ಟೋ ವಾಸಿ.

ಆಮೇಲಿನ ಎಂಟು ವಾರದ ಬಗ್ಗೆ ಜಾಸ್ತಿ ಬರೆಯಲ್ಲ, ಅನುಭವಿಸಿದೋರಿಗೇ ಗೊತ್ತು. ಓಡೋ ಹಾಗಿಲ್ಲ, ಸೋಫಾ ಹತ್ತೋ ಹಾಗಿಲ್ಲ, ಕತ್ತಿಗೆ ಲಾಳಿಕೆ ಥರ ಕೋನು, ಅದ್ರಲ್ಲಿ ನಮ್ ಮೊಣಕಾಲಿಗೇ ಗುದ್ದಿ ಗುದ್ದಿ ನಮಗೂ ಟಿಪಿಎಲ್‌ಓ ಬೇಕಾಗೋ ಹಾಗಾಯ್ತು. ಎಂಟನೇ ವಾರದ ಎಕ್ಸ್‌ರೇಲಿ ಮೂಳೆ ಚೆನ್ನಾಗಿ ಕೂಡಿತ್ತು. ಆ ಹುಡುಗಿ ಎಕ್ಸ್‌ರೇ ತೋರಿಸ್ತಾ, ಗುಂಡನ ಅಳತೆಗಳನ್ನ ನನ್ನ ರಿಸರ್ಚ್‌ಗೆ ಬಳಸ್ಕೋಬಹುದಾ ಅಂತ ಫಾರ್ಮ್ ಕೊಟ್ಲು, ಸೈನ್ ಹಾಕ್ದೆ. ನಮ್ಮಮ್ಮ ಡಬ್ಬೀಲಿ ಕೊಬ್ಬರಿ ಮಿಠಾಯಿ ಮಾಡ್ಕೊಂಡು ಬಂದಿದ್ರು, ಆ ಸೀನಿಯರ್ ಸರ್ಜನ್ ಮೂರು ತಿಂದ್ರು, ಗುಂಡನಿಗೆ ಮಾತ್ರ ಇನ್ಮೇಲೆ ದೋಸೆ ಬೇಡ, ನಾಲ್ಕು ಕೆಜಿ ಇಳಿಸ್ಬೇಕು ಅಂತ ಅಮ್ಮನ ಮುಖ ನೋಡ್ಕೊಂಡೇ ಹೇಳಿದ್ರು. ಇಂಗ್ಲಿಷ್ ಬರಲ್ಲ ಅನ್ನೋ ಹಾಗೆ ಅಮ್ಮ ಕಿಟಕಿ ಕಡೆ ತಿರುಗಿದ್ರು.

ಇನ್ನೊಂದು ಕಾಲಿನ ಲಿಗಮೆಂಟೂ ಹೋಗೋ ಚಾನ್ಸ್ ಹೆಚ್ಚುಕಮ್ಮಿ ಅರ್ಧಕ್ಕರ್ಧ ಇದೆ ಅಂದಿದಾರೆ. ಹೋದ್ರೆ ಮತ್ತೆ ಅಲ್ಲಿಗೇ. ಆ ಹುಡುಗಿ ಅಷ್ಟೊತ್ತಿಗೆ ಪರೀಕ್ಷೆ ಪಾಸಾಗಿ ಬೇರೆ ಊರು ಸೇರಿರ್ತಾಳೆ, ಹೊಸಬರು ಯಾರೋ ಸಿಗ್ತಾರೆ, ಅವ್ರನ್ನೂ ಅದೇ ಎರಡು ಪ್ರಶ್ನೆ ಕೇಳ್ತೀನಿ. ಪ್ರೈವೇಟ್‌ಗೆ ಹೋಗೋರು ಎಸಿವಿಎಸ್ ವೆಬ್‌ಸೈಟ್‌ನಲ್ಲಿ ಹತ್ತಿರದ ಬೋರ್ಡ್ ಪಾಸ್ ಸರ್ಜನ್ ಯಾರು ಅಂತ ಹುಡುಕ್ಬಹುದು. ರೆಸಿಡೆನ್ಸಿ ಮುಗ್ಸಿದೀನಿ ಅನ್ನೋದು ಬೇರೆ, ಬೋರ್ಡ್ ಪಾಸ್ ಆಗಿದೀನಿ ಅನ್ನೋದು ಬೇರೆ, ಅದನ್ನ ಮಾತ್ರ ಗಮನಿಸಿ. ಯೂನಿವರ್ಸಿಟಿಗೆ ಹೋಗೋರು ಆಫೀಸ್‌ಗೆ ಇಡೀ ದಿನ ರಜೆ ಹಾಕಿ, ಚಿತ್ರಾನ್ನ ಕಟ್ಕೊಂಡು ಹೋಗಿ, ಅಲ್ಲಿ ಕ್ಯಾಂಟೀನ್ ಅನ್ನೋದು ಬರೀ ಒಂದು ಚಿಪ್ಸ್ ಮೆಷಿನ್ನು, ನಾವು ಹೋದ ದಿನ ಅದೂ ಕೆಟ್ಟಿತ್ತು.